ಬಿಚ್ಚಬಾರದ ಕಟ್ಟು

ದೇವದುರ್ಗದಲ್ಲಿ ಅಮರಮ್ಮ ಎಂದರೆ ಯಾವ ಅಮರಮ್ಮ ಎಂದು ಯಾರೂ ಕೇಳುವುದಿಲ್ಲ. ಕಾರಿನ ಅಮರಮ್ಮ, ಮುಗಿಯಿತು. ಊರಲ್ಲಿ ಕಾರು ಇರುವವರು ಬೇಕಾದಷ್ಟು ಜನ ಇದ್ದಾರೆ, ಅವರ್ಯಾರಿಗೂ ಈ ಹೆಸರು ದಕ್ಕಲಿಲ್ಲ. ಹೇಗೆ ದಕ್ಕೀತು ಹೇಳಿ? ಅವರ ಕಾರುಗಳು ಮನೆ ಮುಂದೆ ನಿಂತು ಧೂಳು ತಿನ್ನುತ್ತವೆ. ಅಮರಮ್ಮನ ಬಿಳಿ ವ್ಯಾಗನಾರ್ ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಆರಕ್ಕೆ ಎಂಟುನೂರು ಜೋಳದ ರೊಟ್ಟಿ ಹೊತ್ತುಕೊಂಡು ರಾಯಚೂರಿಗೆ, ಅಲ್ಲಿಂದ ಶಕ್ತಿನಗರದ ಮೆಸ್ಸುಗಳಿಗೆ ಹೋಗಿ ಬರುತ್ತದೆ. ಮನೆಯಲ್ಲಿ ನಾಲ್ಕು ಜನ ಹೆಂಗಸರ ಜೊತೆ ಕೂತು ರೊಟ್ಟಿ ಬಡಿಯುವವನು ಗಂಡ ಹನುಮಂತರಾಯ, ಗಾಡಿ ಓಡಿಸುವವಳು ಹೆಂಡತಿ. ಮೊದಮೊದಲು ಓಣಿಯವರು ನಕ್ಕಿದ್ದರು. ಈಗ ಅದೇ ಓಣಿಯವರು ಆಸ್ಪತ್ರೆಗೆ ಹೋಗಬೇಕಾದಾಗ ಮೊದಲು ಅವಳ ಬಾಗಿಲನ್ನೇ ಬಡಿಯುತ್ತಾರೆ.

ಆ ಕಾರನ್ನು ಮಾರುವ ದಿನ ಬಂತು. ಕಷ್ಟ ಬಂದು ಮಾರಿದ್ದಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕಾರಲ್ಲಿ ಹಿಡಿಸಲಾರದಷ್ಟು ರೊಟ್ಟಿಗೆ ಬೇಡಿಕೆ ಬಂದಿತ್ತು. ಶಕ್ತಿನಗರದ ಕ್ಯಾಂಟೀನ್ ಗುತ್ತಿಗೆದಾರ ಉದಯಕುಮಾರ, ಬರುವ ಒಂದನೇ ತಾರೀಖಿನಿಂದ ದಿನಕ್ಕೆ ಎರಡು ಸಾವಿರ ರೊಟ್ಟಿ ಬೇಕೆಂದು ಬರೆದುಕೊಟ್ಟಿದ್ದ. ಅದಕ್ಕೊಂದು ಸರಕಿನ ಗಾಡಿ ಬೇಕಲ್ಲ! ಬ್ಯಾಂಕಿನ ಸಾಲ ಮಂಜೂರಾಗಿತ್ತು. ಮುಂಗಡ ಮಾತ್ರ ಒಂದು ಲಕ್ಷ ಎಂಬತ್ತು ಸಾವಿರ ಸೋಮವಾರ ಸಂಜೆ ಐದರೊಳಗೆ ರಾಯಚೂರಿನ ಶೋರೂಮಿನಲ್ಲಿ ಕಟ್ಟಬೇಕು. ಕಟ್ಟದಿದ್ದರೆ ಆ ಗಾಡಿ ಸಾಲಿನಲ್ಲಿರುವ ಮುಂದಿನವರಿಗೆ, ಅಮರಮ್ಮನಿಗೆ ಮುಂದಿನ ತಿಂಗಳು. ಮುಂದಿನ ತಿಂಗಳ ತನಕ ಕ್ಯಾಂಟೀನು ಕಾಯುವುದಿಲ್ಲ.

ದಲ್ಲಾಳಿಗಳು ಫೋನ್ ಮಾಡಿದರು, ಅವರನ್ನೆಲ್ಲ ಅವಳು ಎರಡು ಮಾತಿನಲ್ಲಿ ಸಾಗಹಾಕಿದಳು. ಕೊನೆಗೆ ಮಾನ್ವಿಯಿಂದ ಒಂದು ಕರೆ ಬಂತು. ವಿರೂಪಣ್ಣ, ಅಕ್ಕಿ ಮಿಲ್ಲಿನ ಮಾಲೀಕ. ಮಗಳು ಸ್ವಪ್ನಾಗೆ ಕವಿತಾಳದ ಹೈಸ್ಕೂಲಿನಲ್ಲಿ ಟೀಚರ್ ಕೆಲಸ ಆಗಿದೆ, ದಿನಾ ಬಸ್ಸಿನಲ್ಲಿ ನಿಂತು ಹೋಗುತ್ತಾಳೆ, ಅವಳಿಗೊಂದು ಕಾರು ಬೇಕು. ಭಾನುವಾರ ಅಪ್ಪ ಮಗಳು ಇಬ್ಬರೂ ಬಂದರು.

ಹಣೆಯಲ್ಲಿ ಮೂರು ಗೆರೆ ವಿಭೂತಿ, ಗಂಜಿ ಹಾಕಿದ ಬಿಳಿ ಧೋತರ, ಬಗಲಲ್ಲಿ ಬಟ್ಟೆಯ ಚೀಲ. ವಿರೂಪಣ್ಣ ಕಾರಿನ ಸುತ್ತ ಎರಡು ಸುತ್ತು ಬಂದ, ಚಕ್ರಕ್ಕೆ ಕಾಲಿನಿಂದ ತಟ್ಟಿದ, ಬಾಗಿಲು ತೆಗೆದು ಹಿಂದೆ ಕೂತು ಸೀಟನ್ನು ಕೈಯಿಂದ ಒತ್ತಿ ನೋಡಿದ.

"ಮುಂದಿನ ಸೀಟು ಸವದು ಹೋಗ್ಯಾದ, ಹಿಂದಿಂದು ಹೊಸಾದು ಇದ್ದಂಗ ಅದ. ಇದರ ಮ್ಯಾಲ ಯಾರೂ ಕೂತೇ ಇಲ್ಲೇನು?"

"ಮೊನ್ನಿತನಾ ಅದು ನಮ್ಮ ಪಡಸಾಲ್ಯಾಗಿತ್ರಿ, ಬೀಗರು ಬಂದ್ರ ಕೂಡಾಕ," ಅಂದಳು ಅಮರಮ್ಮ. "ಗಾಡ್ಯಾಗ ಆ ಜಾಗದಾಗ ರೊಟ್ಟಿ ಕೂಡ್ತಿದ್ವು."

ಸ್ವಪ್ನಾ ಫಕ್ಕನೆ ನಕ್ಕಳು. ಅವಳು ಕೀಲಿಗೆ ಕೈ ಚಾಚಿದಾಗ ಅಮರಮ್ಮ ಕೊಡಲಿಲ್ಲ. "ಮೊದಲ ಲೈಸೆನ್ಸ್ ತೋರ್ಸವ್ವಾ," ಅಂದಳು.

"ನನ್ನ ಮಗಳ ಮ್ಯಾಲ ಸಂಶೇನೇನು?" ವಿರೂಪಣ್ಣನ ಹುಬ್ಬು ಮೇಲೇರಿತು.

"ಸಂಶೇ ಅಲ್ರಿ ಯಪ್ಪಾ, ನನ್ನ ಪದ್ಧತಿ. ಗಾಡಿ ಇನ್ನೂ ನನ್ನ ಹೆಸರಿನ್ಯಾಗ ಅದ. ಹಾದ್ಯಾಗ ಏನರ ಆದ್ರ ಪೊಲೀಸರು ನನ್ನ ಮನಿ ಹುಡುಕ್ಕೊಂಡು ಬರ್ತಾರ, ನಿಮ್ಮ ಮನಿಗಲ್ಲ."

ಲೈಸೆನ್ಸ್ ನೋಡಿ, ಅದರ ಫೋಟೊ ತೆಗೆದುಕೊಂಡು, ತಾನೂ ಪಕ್ಕದಲ್ಲಿ ಕೂತು ಅಮರಮ್ಮ ಆ ಹುಡುಗಿಗೆ ಗಾಡಿ ಕೊಟ್ಟಳು. ಹುಡುಗಿ ಚೆನ್ನಾಗಿಯೇ ಓಡಿಸಿದಳು. ಇಳಿದಾಗ ಅವಳ ಮುಖದ ಮೇಲೆ ಕಾರು ಆಗಲೇ ತನ್ನದಾದ ಖುಷಿ ಇತ್ತು. ಅದನ್ನು ಮುಚ್ಚಿಕೋ ಎಂದು ಅಪ್ಪ ಕಣ್ಣಲ್ಲೇ ಗದರಿದರೂ ಪ್ರಯೋಜನವಾಗಲಿಲ್ಲ. ಅಮರಮ್ಮ ಒಂದು ತೊಂಬತ್ತೈದು ಅಂದಳು, ವಿರೂಪಣ್ಣ ಒಂದು ಎಪ್ಪತ್ತು ಅಂದ. ಅರ್ಧ ಗಂಟೆ ಜಗ್ಗಾಡಿ, ಎರಡು ಸಲ ಚಹಾ ಕುಡಿದು, ಒಂದು ಲಕ್ಷ ಎಂಬತ್ತೈದು ಸಾವಿರಕ್ಕೆ ಬಂದು ನಿಂತರು.

ವ್ಯಾಪಾರ ಗಟ್ಟಿ ಮಾಡಲು ವಿರೂಪಣ್ಣ ವೀಳ್ಯದೆಲೆಯ ಮೇಲೆ ಐದು ಸಾವಿರ ಬಯಾನ ಇಟ್ಟ. ಐನೂರರ ಹತ್ತು ನೋಟು. ಅಮರಮ್ಮ ಒಂದೊಂದನ್ನೂ ಎತ್ತಿ ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ನೋಟ್‌ಬುಕ್ ತೆಗೆದು ಹತ್ತೂ ನೋಟುಗಳ ನಂಬರನ್ನು ಬರೆದುಕೊಂಡು, ಕೆಳಗೆ ಸಹಿ ಮಾಡಿರೆಂದು ಅವನ ಮುಂದೆ ಚಾಚಿದಳು. ಹನುಮಂತರಾಯನಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮಾನ್ವಿ ಮಿಲ್ಲಿನ ಸಾಹುಕಾರ ತನ್ನ ಮನೆಗೆ ಬಂದು ಕೂತಿದ್ದಾನೆ, ಇವಳು ನೋಡಿದರೆ ನೋಟನ್ನು ಬಿಸಿಲಿಗೆ ಹಿಡಿಯುತ್ತಾಳೆ!

ವಿರೂಪಣ್ಣ ಸಹಿ ಮಾಡಿದ. ಆಮೇಲೆ ಗತ್ತಿನಿಂದ ಬಟ್ಟೆಯ ಚೀಲ ಬಿಚ್ಚಿ, ಉಳಿದ ಹಣವನ್ನೂ ಮಂಚದ ಮೇಲೆ ಇಟ್ಟ. ಐವತ್ತು ಸಾವಿರದ ಮೂರು ಕಟ್ಟು, ಮೇಲೆ ಮೂವತ್ತು ಸಾವಿರ ಬಿಡಿ. "ತಗೋಬೇ, ಒಂದು ಲಕ್ಷ ಎಂಬತ್ತು. ಕೀಲಿ ಕೊಡು, ಹೊತ್ತು ಮುಳುಗೋದ್ರಾಗ ಮಾನ್ವಿ ಮುಟ್ಟತೀವಿ."

ಈ ಕಟ್ಟುಗಳ ವಿಷಯ ಸ್ವಲ್ಪ ಹೇಳಬೇಕು. ಪ್ರತಿ ಕಟ್ಟಿಗೂ ನಾಲ್ಕು ಬೆರಳಗಲದ ಬಿಳಿ ಚೀಟಿ ಸುತ್ತಿತ್ತು. ಚೀಟಿಯ ಮೇಲೆ ಮಿಲ್ಲಿನ ಕೆಂಪು ಮೊಹರು, ತಾರೀಖು, ವಿರೂಪಣ್ಣನ ಸಹಿ. ಮಾನ್ವಿಯ ಭತ್ತದ ವ್ಯಾಪಾರದಲ್ಲಿ ಈ ಚೀಟಿ ಇದ್ದರೆ ಸಾಕು, ಕಟ್ಟನ್ನು ಯಾರೂ ಬಿಚ್ಚುವುದಿಲ್ಲ, ಎಣಿಸುವುದಿಲ್ಲ. ಭತ್ತ ಮಾರಿದವನು ಅದೇ ಕಟ್ಟನ್ನು ಗೊಬ್ಬರದಂಗಡಿಗೆ ಕೊಡುತ್ತಾನೆ, ಅಂಗಡಿಯವನು ಇನ್ನೊಬ್ಬನಿಗೆ ಕೊಡುತ್ತಾನೆ, ಚೀಟಿ ಹಾಗೆಯೇ ಇರುತ್ತದೆ. ಬಿಚ್ಚಿ ಎಣಿಸಿದರೆ ಚೀಟಿಯ ಮೇಲಿನ ಹೆಸರಿಗೆ ಎಲ್ಲರ ಮುಂದೆ ಕಪಾಳಕ್ಕೆ ಹೊಡೆದಂತೆ ಎಂದು ಅವರ ಲೆಕ್ಕ. ವಿರೂಪಣ್ಣನ ಅಪ್ಪನ ಕಾಲದಿಂದ ನಡೆದುಬಂದದ್ದು. ಅಂಥ ಚೀಟಿ ಮಾನ್ವಿಯಲ್ಲಿ ಮೂರೇ ಮೂರು ಜನರಿಗೆ ಇದೆ, ಅವನ ಹೆಮ್ಮೆ ಸುಳ್ಳಿನದಲ್ಲ.

ಅಮರಮ್ಮ ಕೈ ಕಟ್ಟಿಕೊಂಡು ನಿಂತಳು. ಹಣದ ಹತ್ತಿರಕ್ಕೂ ಬರಲಿಲ್ಲ.

"ಇದನ್ನ ವಾಪಸ್ ಚೀಲದಾಗ ಇಡ್ರಿ ಯಪ್ಪಾ. ಇವತ್ತು ಐತಾರ, ಬ್ಯಾಂಕು ಬಂದ್. ನಾಳಿ ಹತ್ತೂವರಿಗೆ ರಾಯಚೂರು ಸ್ಟೇಷನ್ ರೋಡಿನ ಬ್ಯಾಂಕಿಗೆ ಬರ್ರಿ. ಕೌಂಟರಿನ್ಯಾಗ ನೀವ ಕಟ್ರಿ, ನನ್ನ ಖಾತೆಕ. ಚಲನಿನ್ಯಾಗ ರೊಕ್ಕ ಕಟ್ಟಿದವರು ಅಂತ ಇರ್ತದಲ್ಲ, ಅಲ್ಲಿ ನಿಮ್ಮ ಹೆಸರು, ನಿಮ್ಮ ಸಹಿ. ನನ್ನ ಫೋನಿಗೆ ಮೆಸೇಜ್ ಬಂದ ಮ್ಯಾಲ ಕೀಲಿ ನಿಮ್ಮ ಕೈಯಾಗ."

"ಅಂದ್ರ, ಎಣಿಸಾಕ ಹಚ್ಚತೀಯೇನು?"

"ಮಿಷನ್ ಎಣಿಸ್ತದ."

"ನಲವತ್ತು ವರ್ಷದಾಗ ನನ್ನ ಚೀಟಿ ಯಾರೂ ಬಿಚ್ಚಿಲ್ಲ, ತಿಳೀತೇನು? ಸಿಂಧನೂರಿಂದ ರಾಯಚೂರು ತನಕ ಒಬ್ಬನ ಒಬ್ಬ ಬಿಚ್ಚಿಲ್ಲ!"

"ನಾನೂ ಬಿಚ್ಚಂಗಿಲ್ರಿ," ಅಂದಳು ಅಮರಮ್ಮ. "ನೀವ ಬಿಚ್ಚಬೇಕು. ನಾನು ಮುಟ್ಟಂಗೂ ಇಲ್ಲ."

ವಿರೂಪಣ್ಣ ಎದ್ದು ನಿಂತ. ಮುಖ ಕೆಂಪೇರಿತ್ತು. ಆನ್‌ಲೈನಿನಲ್ಲಿ ಹಾಕಿಬಿಡೋಣ ಅಪ್ಪಾ ಎಂದು ಸ್ವಪ್ನಾ ಮೆಲ್ಲಗೆ ಅಂದಳು. ಮಿಲ್ಲಿನ ಲಕ್ಷ್ಮಿ ಕೈಯಿಂದ ಕೈಗೆ ಹೋಗಬೇಕು, ಗಾಳಿಯಲ್ಲಿ ಹೋಗಬಾರದು ಎಂದು ಅವಳ ಮೇಲೂ ರೇಗಿದ. ನಾಳೆ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಚೀಲ ಬಗಲಿಗೇರಿಸಿಕೊಂಡು ಹೋಗಿಬಿಟ್ಟ.

ಅಪ್ಪ ಮಗಳು ಓಣಿ ದಾಟಿದ್ದೇ ತಡ, ಹನುಮಂತರಾಯ ಬಾಯಿ ಬಿಟ್ಟ. "ಎಂಥಾ ಹೆಂಗಸೇ ನೀನು! ಮನಿಗೆ ಬಂದ ಲಕ್ಷ್ಮೀನ ವಾಪಸ್ ಕಳ್ಸಿದಿ. ಆ ಮನುಷ್ಯಾ ಹನ್ನೊಂದು ಮಠಕ್ಕ ಅಕ್ಕಿ ಕೊಡ್ತಾನ, ನಿನ್ನ ಹತ್ರ ಮೋಸ ಮಾಡ್ತಾನೇನು?"

"ಆತ ಮೋಸ ಮಾಡ್ತಾನಂತ ನಾನೆಲ್ಲಿ ಅಂದೆ?"

"ಮತ್ತ?"

"ಮತ್ತ ನಿನಗ ಮರತು ಹೋಗ್ಯಾದೇನು, ನಿನ್ನ ಮೊಪೆಡ್ ಮಾರಿದ್ದು?"

ಹನುಮಂತರಾಯ ಅದನ್ನು ಮರೆಯುವುದು ಹೇಗೆ? ಐದು ವರ್ಷದ ಹಿಂದೆ ಅವನ ಹಳೇ ಮೊಪೆಡ್ಡನ್ನು ಕವಿತಾಳದ ಒಬ್ಬನಿಗೆ ಹದಿನೆಂಟು ಸಾವಿರಕ್ಕೆ ಮಾರಿದ್ದರು. ಸಂಜೆ ಹೊತ್ತು, ಮನೆಯ ಕಟ್ಟೆಯ ಮೇಲೆ, ನಗುನಗುತ್ತಾ. ಅಮರಮ್ಮ ಎಣಿಸಿ ತೆಗೆದುಕೊಂಡಿದ್ದಳು, ಮೂವತ್ತಾರು ನೋಟು ಸರಿಯಾಗಿತ್ತು. ಮರುದಿನ ಜೋಳದ ಅಂಗಡಿಯಲ್ಲಿ ಅವುಗಳಲ್ಲಿ ನಾಲ್ಕು ಖೋಟಾ ಎಂದು ಗೊತ್ತಾಯಿತು. ಅವಳು ನೇರ ಕವಿತಾಳಕ್ಕೆ ಗಾಡಿ ಹೊಡೆದುಕೊಂಡು ಹೋದಳು. ಆ ಮನುಷ್ಯ ಹತ್ತು ಜನರ ಎದುರು ಏನಂದ ಗೊತ್ತೇ? "ನಾ ಕೊಟ್ಟಿದ್ದು ಖರೇ ನೋಟು. ರಾತ್ರಿ ಮನ್ಯಾಗ ಇಟ್ಕೊಂಡು ನೀನ ಬದಲಿ ಮಾಡಿ ತಂದಿ."

ಎರಡು ಸಾವಿರ ರೂಪಾಯಿ ಹೋದದ್ದು ದೊಡ್ಡದಲ್ಲ. ಆ ಮಾತು ಅವಳಿಗಿಂತ ಮುಂಚೆ ರಾಯಚೂರು ಮುಟ್ಟಿತು, ಶಕ್ತಿನಗರ ಮುಟ್ಟಿತು. ದೇವದುರ್ಗದ ರೊಟ್ಟಿ ಅಮರಮ್ಮ ಖೋಟಾ ನೋಟು ನಡೆಸುತ್ತಾಳಂತೆ. ಒಂದು ವರ್ಷ ಪೂರ್ತಿ, ಅವಳು ಚಿಲ್ಲರೆ ವಾಪಸು ಕೊಟ್ಟರೆ ಮೆಸ್ಸಿನವರು ನೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದರು. ಅವಳ ಎದುರಿಗೇ. ಅವಳು ಏನೂ ಅನ್ನದೆ ಬುಟ್ಟಿ ಇಳಿಸಿ ಬರುತ್ತಿದ್ದಳು, ಅರ್ಧ ಹಾದಿಯಲ್ಲಿ ಗಾಡಿ ನಿಲ್ಲಿಸಿ ಅಳುತ್ತಿದ್ದಳು. ಆಗ ಅವಳೊಂದು ಗೆರೆ ಹಾಕಿಕೊಂಡಳು. ದೊಡ್ಡ ಮೊತ್ತ ಯಾರೇ ಕೊಡಲಿ, ಬ್ಯಾಂಕಿನ ಕೌಂಟರಿನಲ್ಲಿ, ಕೊಡುವವರ ಕೈಯಿಂದ, ಕೊಡುವವರ ಹೆಸರಿನಲ್ಲಿ. ನಡುವೆ ತನ್ನ ಕೈ ಬರಬಾರದು.

"ರೊಕ್ಕ ಹೋದ್ರ ದುಡಿತೀನಿ," ಅಂದಳು ಗಂಡನಿಗೆ. "ಹೆಸರು ಮತ್ತೊಮ್ಮೆ ಹೋದ್ರ ಯಾವ ಕ್ಯಾಂಟೀನಿನವ ನನ್ನ ರೊಟ್ಟಿ ತಿಂತಾನ?"

ಸೋಮವಾರ ಹತ್ತಕ್ಕೇ ಅವಳು ಬ್ಯಾಂಕಿನ ಆವರಣದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಕಾದಳು. ತೊಳೆದ ಕಾರು ಫಳಫಳ ಹೊಳೆಯುತ್ತಿತ್ತು. ಮಡಿಲಲ್ಲಿ ಕಾಗದದ ಫೈಲು: ಆರ್‌ಸಿ, ವಿಮೆ, ಸಾಲ ತೀರಿದ ಪತ್ರ, ಹೆಸರು ವರ್ಗಾಯಿಸುವ ಫಾರಂಗಳು, ಎಲ್ಲ ತುಂಬಿ ತಯಾರು. ಹನ್ನೊಂದಾಯಿತು. ಹನ್ನೆರಡಾಯಿತು. ವಿರೂಪಣ್ಣನ ಸುಳಿವಿಲ್ಲ. ಹನುಮಂತರಾಯ ಮೂರು ಸಲ ಫೋನ್ ಮಾಡಿ ಮೂರು ಸಲವೂ "ಬಂದ್ರೇನು?" ಅಂದ. ಒಂದೂವರೆಗೆ ಶೋರೂಮಿನ ಮುದಸ್ಸಿರ್ ಫೋನ್ ಮಾಡಿದ. "ಅಮ್ಮಾ, ಯಾಪಲದಿನ್ನಿ ಪಾರ್ಟಿ ಒಂದು ರೊಕ್ಕ ಹಿಡ್ಕೊಂಡು ಕುಂತದ. ನಿಮ್ಮ ಸಲುವಾಗಿ ಐದರ ತನಕ ತಡೀತೀನಿ, ಅದರ ಮ್ಯಾಲ ನನ್ನ ಕೈಯಾಗಿಲ್ಲ."

ಅಮರಮ್ಮನಿಗೆ ನೆನಪಾದದ್ದು ನಿನ್ನೆ ಮಂಚದ ಮೇಲಿದ್ದ ಹಣ. ಕೈ ಚಾಚಿದ್ದರೆ ಇಷ್ಟು ಹೊತ್ತಿಗೆ ಹೊಸ ಗಾಡಿಯ ರಸೀತಿ ಕೈಯಲ್ಲಿರುತ್ತಿತ್ತು. ತಾನು ಅತಿ ಮಾಡಿದೆನೇ ಎಂದು ಒಂದು ಗಳಿಗೆ ಅನ್ನಿಸಿತು. ಫೋನ್ ತೆಗೆದು ವಿರೂಪಣ್ಣನ ನಂಬರಿನ ಮೇಲೆ ಬೆರಳಿಟ್ಟಳು. ಆಮೇಲೆ ಫೋನನ್ನು ಬ್ಯಾಗಿಗೆ ಹಾಕಿ, ಬುತ್ತಿ ಬಿಚ್ಚಿ, ಪುಂಡಿಪಲ್ಲೆ ಹಚ್ಚಿಕೊಂಡು ಎರಡು ರೊಟ್ಟಿ ತಿಂದಳು. ಹೆದರಿಕೆಯಾದಾಗ ತಿನ್ನಬೇಕು, ಇಲ್ಲದಿದ್ದರೆ ತಪ್ಪು ನಿರ್ಧಾರ ಮಾಡುತ್ತೇವೆ ಎಂಬುದು ಅವಳ ಅನುಭವ.

ಎರಡು ಗಂಟೆಗೆ ಅಪ್ಪ ಮಗಳು ಬಂದರು. ವಿರೂಪಣ್ಣ ಅವಳತ್ತ ನೋಡದೆ ಸೀದಾ ಒಳಗೆ ಹೋದ. ಬ್ಯಾಂಕಿನಲ್ಲಿ ಹದಿನೈದು ಇಪ್ಪತ್ತು ಜನ. ಕೌಂಟರಿನಲ್ಲಿ ಮಲ್ಲೇಶ್ವರಿ ಎಂಬ ಕ್ಯಾಷಿಯರ್, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಸ್ವಪ್ನಾ ಚಲನ್ ತಂದು ಅಪ್ಪನ ಮುಂದಿಟ್ಟಳು. ಅವನು ಪೆನ್ನು ಹಿಡಿದು, "ಕಟ್ಟಿದವರು" ಎಂಬಲ್ಲಿ ಬಂದು ನಿಂತುಬಿಟ್ಟ.

"ಇಲ್ಲಿ ನಿನ್ನ ಹೆಸರು ಬರೀತೀನಿ," ಅಂದ ಅಮರಮ್ಮನಿಗೆ. "ಖಾತೆ ನಿಂದು, ರೊಕ್ಕ ನಿಂದು."

"ಇನ್ನೂ ನಂದಲ್ರಿ. ಆ ಕಿಂಡಿಯೊಳಗ ಹೋಗಿ ಎಣಿಕೆ ಆಗೂತನಾ ಅದು ನಿಮ್ದು."

"ಹಂಗಾದ್ರ ವ್ಯಾಪಾರನ ಬ್ಯಾಡ. ನನ್ನ ಚೀಟಿ ಬಿಚ್ಚಿಸೋದು ಒಂದು, ಮ್ಯಾಲ ಪೊಲೀಸ್ ಸ್ಟೇಷನ್ದಾಗ ಬರಸ್ಕೊಂಡಂಗ ಸಹಿ ಬ್ಯಾರೆ!" ಅವನು ಪೆನ್ನು ಕುಕ್ಕಿದ. ಸಾಲಿನಲ್ಲಿದ್ದವರು ತಿರುಗಿ ನೋಡಿದರು.

ಅಮರಮ್ಮ ತಲೆ ಎತ್ತಿದಳು. ಗೋಡೆಯ ಗಡಿಯಾರದಲ್ಲಿ ಎರಡೂ ಕಾಲು. "ಬ್ಯಾಡಂದ್ರ ಬ್ಯಾಡ್ರಿ ಯಪ್ಪಾ. ನಿಮ್ಮ ಐದು ಸಾವಿರ ಬಯಾನ, ಅದೇ ಹತ್ತು ನೋಟು, ಅದೇ ನಂಬರು, ನನ್ನ ಬ್ಯಾಗಿನ್ಯಾಗ ಅದಾವ. ತಗೊಂಡು ಹೋಗ್ರಿ. ಸಿಟ್ಟಿಲ್ಲ ನನಗ."

ಅವಳು ಖರೇನೇ ಬ್ಯಾಗಿನ ಜಿಪ್ಪು ಎಳೆದಳು. ಮಾತಿಗೆ ಎಳೆದದ್ದಲ್ಲ. ವಿರೂಪಣ್ಣನಿಗೆ ಅದು ಕಂಡಿತು.

ಅಷ್ಟರಲ್ಲಿ ಸ್ವಪ್ನಾ ಪೆನ್ನು ಎತ್ತಿಕೊಂಡಳು. "ಅಪ್ಪಾಜಿ, ಗಾಡಿ ನನಗ. ನನ್ನ ಹೆಸರು ಬರೀತೀನಿ ಬಿಡ್ರಿ, ನಾನ ಕಟ್ಟತೀನಿ."

"ನನ್ನ ಚೀಟಿ ಕಟ್ಟಿಗೆ ನೀ ಯಾಕ ಹೆಸರು ಕೊಡ್ತಿ?" ವಿರೂಪಣ್ಣ ಪೆನ್ನನ್ನು ಕಸಿದುಕೊಂಡ. ದಪ್ಪ ಅಕ್ಷರದಲ್ಲಿ ತನ್ನ ಪೂರ್ಣ ಹೆಸರು ಬರೆದು, ಕಾಗದ ಹರಿಯುವಂತೆ ಸಹಿ ಗೀಚಿದ. ಆಧಾರ್ ಕಾರ್ಡಿನ ಪ್ರತಿ ಲಗತ್ತಿಸಿದ. ಕಿಂಡಿಯ ಮುಂದೆ ನಿಂತು ಮೊದಲ ಕಟ್ಟಿನ ಚೀಟಿಯನ್ನು ಉಗುರಿನಿಂದ ಕಿತ್ತ. ನೋಡುವವರಿಗೂ ಒಂಥರಾ ಆಯಿತು. ನಲವತ್ತು ವರ್ಷದ ಅಭಿಮಾನ, ಪಾಪ, ಕೈ ಸುಲಭವಾಗಿ ಏಳಲಿಲ್ಲ.

ಮಿಷನ್ ಗರಗರ ತಿರುಗಿತು. ನೂರು. ವಿರೂಪಣ್ಣ ಅಮರಮ್ಮನತ್ತ ತಿರುಗಿ, ನೋಡಿದಿಯಾ ಎಂಬಂತೆ ಗಲ್ಲ ಎತ್ತಿದ. ಎರಡನೆಯದು, ಅದೂ ನೂರು. ಮೂರನೆಯ ಕಟ್ಟು ಅರ್ಧ ತಿರುಗಿ ಕೀಂಯ್ ಎಂದು ಕಿರುಚಿ ನಿಂತಿತು.

ಮಲ್ಲೇಶ್ವರಿ ಒಂದು ನೋಟು ತೆಗೆದು ಪಕ್ಕಕ್ಕಿಟ್ಟು ಮತ್ತೆ ಓಡಿಸಿದಳು. ಮತ್ತೆ ಕೀಂಯ್. ಇನ್ನೊಮ್ಮೆ. ಮೂರು ನೋಟುಗಳನ್ನು ನೀಲಿ ದೀಪದ ಕೆಳಗೆ ಹಿಡಿದು, ಬೆರಳಿನಿಂದ ಉಜ್ಜಿ, ಒಳಗಿನ ಆಫೀಸರನ್ನು ಕರೆದು ತೋರಿಸಿದಳು. ಇಬ್ಬರೂ ಏನೋ ಮಾತಾಡಿದರು. ಆಮೇಲೆ ಮೊಹರು ತೆಗೆದು ಒಂದೊಂದರ ಮೇಲೂ ಠಪ್ ಠಪ್ ಎಂದು ಒತ್ತಿದಳು.

"ಖೋಟಾ ನೋಟು," ಅಂದಳು. "ಮೂರು. ಇವನ್ನ ವಾಪಸ್ ಕೊಡೋ ಹಂಗಿಲ್ಲ, ರಸೀತಿ ಕೊಡ್ತೀವಿ."

ಬ್ಯಾಂಕಿನೊಳಗೆ ಗುಸುಗುಸು ಶುರುವಾಯಿತು. ಸಾಲಿನ ಹಿಂದಿನಿಂದ ಯಾರೋ ಒಬ್ಬ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಆಕಿ ದೇವದುರ್ಗದ ರೊಟ್ಟಿ ಅಮರಮ್ಮ ಅಲ್ಲೇನು? ಆಕಿದು ಹಿಂದಕ್ಕೂ ಇಂಥದ ಏನೋ ಆಗಿತ್ತಲೇ," ಅಂದ.

ಇಪ್ಪತ್ತು ಜನರ ಕಣ್ಣು ಅಮರಮ್ಮನ ಮೇಲೆ ಬಿತ್ತು. ಐದು ವರ್ಷ ತೊಳೆದರೂ ಹೋಗದ ಮಾತು, ಇಲ್ಲಿ ಮತ್ತೆ, ಇವತ್ತೇ! ತಾನು ಮುಟ್ಟಿಲ್ಲ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಕೂಗಿದರೆ ಕವಿತಾಳದಲ್ಲಿ ಕೂಗಿದ ಹಾಗೇ ಆಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೇಳಬೇಕಾದವನು ಇನ್ನೊಬ್ಬ ಇದ್ದ, ಅವನು ಬಾಯಿ ತೆರೆಯುತ್ತಿರಲಿಲ್ಲ.

ವಿರೂಪಣ್ಣ ಕಿತ್ತ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಅದನ್ನು ತಿರುಗಿಸಿ ತಾರೀಖು ಓದಿದ. ಇನ್ನೊಮ್ಮೆ ಓದಿದ. ಮೊದಲೆರಡು ಚೀಟಿಗಳ ಮೇಲೆ ಹೋದ ವಾರದ ತಾರೀಖು. ಇದರ ಮೇಲೆ ಎಂಟು ತಿಂಗಳ ಹಿಂದಿನದು. ಅವನಿಗೆ ಆಗ ಅರ್ಥವಾಯಿತು. ಈ ಕಟ್ಟು ಎಂಟು ತಿಂಗಳ ಹಿಂದೆ ಅವನ ಮಿಲ್ಲಿನಿಂದ ಹೊರಟು, ಯಾರ್ಯಾರ ಕೈಯಲ್ಲೋ ತಿರುಗಿ, ಅವನ ಬಳಿಗೇ ವಾಪಸು ಬಂದಿತ್ತು. ತನ್ನದೇ ಚೀಟಿ, ತನ್ನದೇ ಸಹಿ ಕಂಡು ಅವನೂ ಬಿಚ್ಚದೆ ತಿಜೋರಿಗೆ ಹಾಕಿದ್ದ. ನಡುವೆ ಯಾರೋ ಒಬ್ಬ ಚೀಟಿಯನ್ನು ಜಾರಿಸಿ, ಮೂರು ನೋಟು ಬದಲಿಸಿ, ಮತ್ತೆ ಜಾರಿಸಿದ್ದ. ಯಾರೂ ಎಣಿಸುವುದಿಲ್ಲ ಎಂದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

ಮಲ್ಲೇಶ್ವರಿ ರಿಜಿಸ್ಟರ್ ತೆಗೆದಳು. "ಯಾರ ಹೆಸರಿಗೆ ಬರೀಬೇಕು? ರೊಕ್ಕ ಯಾರು ತಂದೋರು?"

ಚಲನಿನ ಮೇಲೆ ಹೆಸರು ಇತ್ತು. ಆದರೂ ಅವನು "ಆ ಹೆಣ್ಣುಮಗಳ ಖಾತೆ" ಎಂದು ಅಮರಮ್ಮನತ್ತ ಕೈ ತೋರಿಸಿ ಮೆಲ್ಲಗೆ ಜಾರಿಕೊಂಡಿದ್ದರೆ, ಸಾಲಿನ ಜನ ಅದನ್ನೇ ನಂಬಿಕೊಂಡು ಮನೆಗೆ ಹೋಗುತ್ತಿದ್ದರು. ಚಲನನ್ನು ಓದುವವರು ಯಾರು? ಮಾನ್ವಿಯ ಸಾಹುಕಾರ ಒಂದು ಕಡೆ, ರೊಟ್ಟಿ ಮಾರುವವಳು ಒಂದು ಕಡೆ. ಸ್ವಪ್ನಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅಮರಮ್ಮನೂ ನೋಡುತ್ತಿದ್ದಳು. ಅವನು ಮಾತ್ರ ಚೀಟಿಯನ್ನು ನೋಡುತ್ತಿದ್ದ.

ಆಮೇಲೆ ವಿರೂಪಣ್ಣ ಕೌಂಟರಿಗೆ ಬೆನ್ನು ಮಾಡಿ ಸಾಲಿನತ್ತ ತಿರುಗಿ ನಿಂತ. ಮಿಲ್ಲಿನ ಗದ್ದಲದಲ್ಲಿ ಕೂಗಿ ಕೂಗಿ ಬೆಳೆದ ದನಿ ಅದು, ಬ್ಯಾಂಕಿನ ಮೂಲೆ ಮೂಲೆಗೂ ಕೇಳಿತು.

"ಯಾರಪಾ ಅದು, ಅಮರಮ್ಮನ ಹೆಸರು ತಗದವಾ? ಕೇಳ್ರಿ ಇಲ್ಲಿ. ನಾನು ಮಾನ್ವಿ ವಿರೂಪಣ್ಣ. ಈ ರೊಕ್ಕ ನಂದು. ಚೀಟಿ ನಂದು, ಸಹಿ ನಂದು, ಖೋಟಾ ನೋಟೂ ನಂದೇ. ಈ ಹೆಣ್ಣುಮಗಳು ನಿನ್ನಿಯಿಂದ ಇವತ್ತಿನ ತನಕ ಈ ಕಟ್ಟಿಗೆ ಬಟ್ಟು ಸೈತ ಮುಟ್ಟಿಸಿಲ್ಲ. ನಾನ ಮುಟ್ಟು ಮುಟ್ಟು ಅಂತ ಜಗಳಾಡಿದೆ, ಆಕಿ ಮುಟ್ಟಲಿಲ್ಲ. ತಿಳೀತೇನು?"

ಅವನು ಮತ್ತೆ ಕಿಂಡಿಯತ್ತ ತಿರುಗಿ, "ಬರಕೊಳ್ರಿ, ವಿರೂಪಣ್ಣ," ಅಂದ.

ಅಮರಮ್ಮನ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅತ್ತಳು ಅನ್ನುತ್ತಾರೆ, ಹರಿದರೆ ಹರಿಯಲಿ ಎಂದು ತಲೆ ಎತ್ತಿಯೇ ನಿಂತಳು. ಕವಿತಾಳದ ಆ ಹತ್ತು ಜನರಲ್ಲಿ ಯಾರಾದರೂ ಒಬ್ಬ ಹೀಗೆ ಹೇಳುತ್ತಾನೇನೋ ಎಂದು ಅವಳು ಐದು ವರ್ಷ ಕಾದಿದ್ದಳು. ಇವತ್ತು ಅದನ್ನು ಜಿಲ್ಲಾ ಕೇಂದ್ರದಲ್ಲಿ, ಬ್ಯಾಂಕಿನ ನಟ್ಟನಡುವೆ, ಮಾನ್ವಿಯ ಸಾಹುಕಾರನ ಬಾಯಿಂದ ಕೇಳಿದಳು. ಹೆಮ್ಮೆಯಾಯಿತು. ಅವನ ಬಗ್ಗೆಯೂ ಆಯಿತು, ತನ್ನ ಬಗ್ಗೆಯೂ ಆಯಿತು. ತನ್ನ ಬಗ್ಗೆ ತುಸು ಹೆಚ್ಚೇ ಆಯಿತು.

ವಿರೂಪಣ್ಣ ಅಂಗಿಯ ಜೇಬಿನಿಂದ ಐನೂರರ ಮೂರು ನೋಟು ತೆಗೆದ. ಕೊಡುವ ಮುಂಚೆ ಒಂದೊಂದನ್ನೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಹೇಗೆ ನೋಡಬೇಕೆಂದು ಅವನಿಗೆ ಸರಿಯಾಗಿ ತಿಳಿಯಲಿಲ್ಲ, ತಲೆಕೆಳಗಾಗಿ ಹಿಡಿದಿದ್ದ. ಮಲ್ಲೇಶ್ವರಿ ನಗು ನುಂಗಿಕೊಂಡು ತೆಗೆದುಕೊಂಡಳು. ಬಿಡಿ ನೋಟುಗಳೂ ಎಣಿಕೆಯಾದವು. ಎರಡು ನಿಮಿಷಕ್ಕೆ ಅಮರಮ್ಮನ ಫೋನು ಟಿಂಗ್ ಅಂದಿತು. ಒಂದು ಲಕ್ಷ ಎಂಬತ್ತು ಸಾವಿರ, ಜಮಾ.

ಬೇವಿನ ಮರದ ಕೆಳಗೆ ಕಾರಿನ ಬಾನೆಟ್ಟಿನ ಮೇಲೆ ಕಾಗದಗಳಿಗೆ ಸಹಿಗಳಾದವು. ಗಾಡಿ ಒಪ್ಪಿಸಿದ ಪತ್ರದಲ್ಲಿ ಅಮರಮ್ಮ ತಾರೀಖಿನ ಜೊತೆಗೆ ಹೊತ್ತನ್ನೂ ಬರೆದಳು, ಮೂರು ಗಂಟೆ ಹತ್ತು ನಿಮಿಷ. ಇದ್ಯಾಕೆಂದು ಸ್ವಪ್ನಾ ಕೇಳಿದಳು.

"ಮೂರೂ ಒಂಬತ್ತರ ತನಕ ಈ ಗಾಡಿ ಯಾರಿಗರ ಬಡದ್ರ ಜವಾಬ್ದಾರಿ ನಂದವ್ವಾ, ಮೂರೂ ಹತ್ತರಿಂದ ನಿಂದು. ಎರಡನೇ ಗೇರ್ ಸ್ವಲ್ಪ ಬಿಗಿ ಅದ, ಸಿಟ್ಟಿಲೆ ಹಾಕಬ್ಯಾಡ, ಪ್ರೀತಿಲೆ ಹಾಕು." ಅವಳು ಎರಡು ಕೀಲಿಗಳನ್ನೂ ಹುಡುಗಿಯ ಅಂಗೈಯಲ್ಲಿಟ್ಟು ಮುಚ್ಚಿದಳು. ಒಂದು ಗಳಿಗೆ ಆ ಕೈಯನ್ನು ಬಿಡಲಿಲ್ಲ.

ವಿರೂಪಣ್ಣ ದೂರ ನಿಂತಿದ್ದವನು ಹತ್ತಿರ ಬಂದ. ಸಿಟ್ಟು ಪೂರ್ತಿ ಇಳಿದಿತ್ತು, ಗತ್ತು ಮಾತ್ರ ಇನ್ನೂ ಸ್ವಲ್ಪ ಉಳಿದಿತ್ತು. ಅದು ಹುಟ್ಟುಗುಣ, ಎಲ್ಲಿಗೆ ಹೋದೀತು?

"ಅಮರಮ್ಮಾ," ಅಂದ. ನಿನ್ನೆ ಅಂದಿದ್ದ "ಬೇ" ಹೋಗಿ ಹೆಸರು ಬಂದಿತ್ತು. "ನಿನ್ನಿ ನಿಮ್ಮ ಮನ್ಯಾಗ ಆ ರೊಕ್ಕ ತಗೊಂಡು, ಇವತ್ತು ನೀವು ಆ ಮೂರು ನೋಟು ಹಿಡ್ಕೊಂಡು ಮಿಲ್ಲಿಗೆ ಬಂದಿದ್ರ, ನಾ ಏನಂತಿದ್ದೆ ಗೊತ್ತೇನ್ರಿ?"

"ಗೊತ್ರಿ. ನೀನ ಬದಲಿ ಮಾಡಿ ತಂದಿ ಅಂತಿದ್ರಿ."

"ಅಂತಿದ್ದೆ," ಅಂದ ಅವನು, ನೆಲ ನೋಡುತ್ತಾ. "ದೇವರಾಣಿ ಅಂತಿದ್ದೆ. ಹತ್ತು ಮಂದಿ ಮುಂದ ಅಂತಿದ್ದೆ, ಮ್ಯಾಲ ರಾತ್ರಿ ಆರಾಮ ಮಕ್ಕೊಂತಿದ್ದೆ." ಖಾಲಿ ಚೀಲವನ್ನು ಮಡಿಸಿ ಬಗಲಿಗಿಟ್ಟ. "ಇನ್ನ ಮ್ಯಾಲ ನನ್ನ ಚೀಟಿ ಕಟ್ಟು ನಿಮ್ಮ ಕೈಗೆ ಬಂತಂದ್ರ, ಮುಲಾಜಿ ಮಾಡಬ್ಯಾಡ್ರಿ. ಬಿಚ್ಚಿ ಎಣಿಸ್ರಿ. ವಿರೂಪಣ್ಣನ ಹೇಳ್ಯಾನ ಅನ್ರಿ."

ಅಮರಮ್ಮ ಬ್ಯಾಗನ್ನು ಹೆಗಲಿಗೇರಿಸಿಕೊಂಡಳು. ಶೋರೂಮಿನ ಕಡೆ ಹೋಗುವ ಆಟೋಗೆ ಕೈ ಮಾಡಿದಳು.

"ನೀವು ಹೇಳದಿದ್ರೂ ಎಣಿಸ್ತಿದ್ದೆ ಯಪ್ಪಾ," ಅಂದಳು.

ವಿರೂಪಣ್ಣ ಒಂದು ಗಳಿಗೆ ಅವಳನ್ನೇ ನೋಡಿ, ಆಮೇಲೆ ಹೊಟ್ಟೆ ಕುಲುಕುವ ಹಾಗೆ ನಕ್ಕುಬಿಟ್ಟ. ಅಮರಮ್ಮ ನಗುತ್ತಲೇ ಆಟೋ ಹತ್ತಿ, ಜಲ್ದಿ ಹೊಡಿ ತಮ್ಮಾ, ನನ್ನ ಗಾಡಿ ಕಾಯಾಕತ್ಯಾದ ಅಂದಳು.